ಕೆನೆ ಯಾರ ಪಾಲಿಗೆ?

ನೀಲಿ, ಹಸಿರು, ಕಿತ್ತಳೆ: ಬೆಂಗಳೂರಿನಲ್ಲಿ ಹಾಲಿಗೆ ಬಣ್ಣವೇ ಹೆಸರು. ಬಣ್ಣ ಬದಲಾದಂತೆ ಲೋಟದಲ್ಲಿ ಬದಲಾಗುವುದೇನು? ಗಟ್ಟಿ ಹಾಲಿನ ಸತ್ವ, ಅದರ ಮಿತಿ, ಅಡುಗೆಮನೆಯಲ್ಲಿ ಅದು ತಾಳುವ ನೂರು ವೇಷ ಮತ್ತು ಅದನ್ನು ಹಂಚುವ ಕೈಯ ಬಗ್ಗೆ ಒಂದಿಷ್ಟು.

ಬೆಳಗಿನ ನಾಲ್ಕೂಮುಕ್ಕಾಲು. ಕನಕಪುರ ರಸ್ತೆಯ ಮೇಲಿನ ಮೆಟ್ರೊ ಹಳಿಗೆ ಇನ್ನೂ ಎಚ್ಚರವಾಗಿಲ್ಲ. ಕೆಳಗೆ ಜರಗನಹಳ್ಳಿಯ ಹಾಲಿನ ಬೂತಿಗೆ ಮಾತ್ರ ಆಗಲೇ ಬೆಳಗಾಗಿದೆ. ಟೆಂಪೊದಿಂದ ಕ್ರೇಟುಗಳು ದಬದಬನೆ ಇಳಿಯುತ್ತಿವೆ. ಸೋರುವ ಪ್ಯಾಕೆಟ್ಟಿನ ಪಾಲು ತಮ್ಮದೇ ಎಂದು ನಂಬಿರುವ ಎರಡು ನಾಯಿಗಳು ಬಾಗಿಲಲ್ಲಿ ಹಾಜರಿವೆ. ಹಾಲು ಕೊಳ್ಳಲು ಬಂದವರು ಯಾರೂ 'ಹಾಲು' ಎನ್ನುವುದಿಲ್ಲ. 'ಎರಡು ನೀಲಿ', 'ಒಂದು ಹಸಿರು, ಒಂದು ಮೊಸರು', 'ಕಿತ್ತಳೆ ಬಂದಿದ್ಯಾ?' ಹೀಗೇ ವ್ಯಾಪಾರ.

ಮೊನ್ನೆ ನನ್ನ ಮುಂದೆ ನಿಂತಿದ್ದ ಅಜ್ಜಿಯೊಬ್ಬರು ದಿನದ ನೀಲಿಯ ಜೊತೆಗೆ ಒಂದು ಕಿತ್ತಳೆಯನ್ನೂ ಕೇಳಿದರು. ಯಾರೂ ಕೇಳದಿದ್ದರೂ ಕಾರಣವನ್ನೂ ಕೊಟ್ಟರು: 'ಮೊಮ್ಮಗ ಬಂದವ್ನೆ. ಗಟ್ಟಿ ಹಾಲು ಅವನಿಗೆ.' ಬೂತಿನ ಹುಡುಗ ತಮಾಷೆಗೆ, 'ನಿಮಗೆ ಬೇಡ್ವಾ ಅಜ್ಜಿ?' ಎಂದ. 'ನಂಗೇನಪ್ಪ, ಒಂದು ಲೋಟ ಕಾಪಿ. ಯಾವ ಹಾಲಾದ್ರೇನು?'

ಗಟ್ಟಿ ಹಾಲು ಅಮೃತವೋ ವಿಷವೋ ಎಂದು ವಾಟ್ಸ್‌ಆ್ಯಪ್‌ನಲ್ಲಿ ದಿನಕ್ಕೊಂದು ತೀರ್ಪು ಬರುತ್ತದೆ. ಅದು ಮನೆಯಲ್ಲಿ ಯಾರ ಲೋಟಕ್ಕೆ ಹೋಗುತ್ತದೆ ಎಂದು ಕೇಳುವವರು ಕಡಿಮೆ. ಅಜ್ಜಿಯ ಮಾತು ನನ್ನ ಜೊತೆ ಮನೆಯವರೆಗೂ ಬಂತು.

ಸೀಮೆಹಸುವಿನಿಂದ ಬೂತಿನವರೆಗೆ

ಜರಗನಹಳ್ಳಿ ಈಗ ಹೆಸರಿನಲ್ಲಷ್ಟೇ ಹಳ್ಳಿ. ಸಾರಕ್ಕಿ ಕೆರೆಯ ಮಗ್ಗುಲಲ್ಲಿ, ಜೆ.ಪಿ. ನಗರ ಮತ್ತು ಯಲಚೇನಹಳ್ಳಿಯ ನಡುವೆ ಮನೆಗೆ ಮನೆ ತಾಗಿಕೊಂಡು ನಿಂತಿರುವ ಊರು. ಹನಿಗವನ ಎಂದೊಡನೆ ನೆನಪಾಗುವ ಕವಿ ಜರಗನಹಳ್ಳಿ ಶಿವಶಂಕರ್ ಈ ಊರನ್ನು ತಮ್ಮ ಹೆಸರಿನ ಮುಂದಿಟ್ಟುಕೊಂಡು ಕನ್ನಡನಾಡಿಗೆಲ್ಲ ಪರಿಚಯಿಸಿದರು. ಬೆಂಗಳೂರು ನುಂಗಿದ ಇಂಥ ಹಳ್ಳಿಗಳಲ್ಲಿ ಹಾಲಿಗೆ ಹಿಂದೆ ಇದ್ದದ್ದು 'ವರ್ತನೆ'. ಹಸು ಕಟ್ಟಿದ ಮನೆಗೆ ತಂಬಿಗೆ ಹಿಡಿದು ಹೋಗುವುದು, ಕಣ್ಣೆದುರೇ ಕರೆದ ನೊರೆಹಾಲು ಅಳೆಸಿಕೊಳ್ಳುವುದು, ಗೋಡೆಯ ಮೇಲಿನ ಗೀಟು ಎಣಿಸಿ ತಿಂಗಳ ಕೊನೆಗೆ ದುಡ್ಡು ಕೊಡುವುದು. ಹಾಲು ಗಟ್ಟಿಯೋ ತೆಳುವೋ ಎಂಬುದು ಹಸುವಿನ ಗುಣಕ್ಕೂ ಗೌಡತಿಯ ಧರ್ಮಕ್ಕೂ ಬಿಟ್ಟದ್ದು. ನಾಟಿ ಹಸುವಿನ ಹಾಲು ಕಡಿಮೆ, ರುಚಿ ಹೆಚ್ಚು. ಎಮ್ಮೆಯದು ಎಲ್ಲಕ್ಕಿಂತ ಗಟ್ಟಿ. ಸೀಮೆಹಸು ಬಂದ ಮೇಲೆ ಹಾಲು ಹೆಚ್ಚಿತು, ಕೆನೆ ತೆಳುವಾಯಿತು. ಹಳಬರು ಇವತ್ತಿಗೂ ಹೇಳುವ ಈ ಮಾತಿನಲ್ಲಿ ವಿಜ್ಞಾನವೂ ಇದೆ. ಎಮ್ಮೆಯ ಹಾಲಿನಲ್ಲಿ ಕೊಬ್ಬು ನೂರಕ್ಕೆ ಆರು-ಏಳರಷ್ಟು. ಈಗ ನಮ್ಮ ಡೇರಿಗಳನ್ನು ತುಂಬುತ್ತಿರುವ ಹೋಲ್‌ಸ್ಟೀನ್ ಮಿಶ್ರತಳಿಯ ಹಾಲಿನಲ್ಲಿ ಮೂರೂವರೆಯ ಆಸುಪಾಸು.

ಹಾಲಿನ ಆಧುನಿಕ ಚರಿತ್ರೆಯೂ ಇಲ್ಲಿಂದ ದೂರವಿಲ್ಲ. ಜಯನಗರದಾಚೆಯ ಆಡುಗೋಡಿಯಲ್ಲಿ ಬ್ರಿಟಿಷರ ಕಾಲದ ಇಂಪೀರಿಯಲ್ ಪಶುಪಾಲನಾ ಮತ್ತು ಹೈನುಗಾರಿಕೆ ಸಂಸ್ಥೆ ಇತ್ತು. 1927ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ನಂದಿಬೆಟ್ಟಕ್ಕೂ ಬೆಂಗಳೂರಿಗೂ ಬಂದಿದ್ದ ಗಾಂಧೀಜಿ ಅಲ್ಲಿಗೆ ಹೋಗಿ ಗೋಪಾಲನೆಯ ಪಾಠ ಕೇಳಿದ್ದರು. ತಾವು ಕುಡಿಯುತ್ತಿದ್ದದ್ದು ಮೇಕೆಯ ಹಾಲು. ಕಲಿಯಲು ಹೋದದ್ದು ಹಸುವಿನ ಬಗ್ಗೆ! ಮುಂದೆ ಅಮುಲ್ ಕಟ್ಟಿದ ವರ್ಗೀಸ್ ಕುರಿಯನ್ ಅಮೆರಿಕಕ್ಕೆ ಹೋಗುವ ಮೊದಲು ತರಬೇತಿ ಪಡೆದದ್ದೂ ಅಲ್ಲಿಯೇ. 1955ರಲ್ಲಿ ಸಂಸ್ಥೆಯ ಕೇಂದ್ರ ಹರಿಯಾಣದ ಕರ್ನಾಲಿಗೆ ಹೋಯಿತು. ಆಡುಗೋಡಿಯಲ್ಲಿ ಅದರ ದಕ್ಷಿಣದ ಶಾಖೆ ಉಳಿಯಿತು. ಅದೇ 1955ರಲ್ಲಿ ಕೊಡಗಿನ ಕೂಡಿಗೆಯಲ್ಲಿ ಈ ನಾಡಿನ ಮೊದಲ ಡೇರಿ ಶುರುವಾಯಿತು. ಯುನಿಸೆಫ್ ನೆರವಿನಿಂದ ಹೊಸೂರು ರಸ್ತೆಯ ಬದಿಗೆ ಎದ್ದ ಬೆಂಗಳೂರು ಡೇರಿಯನ್ನು ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ 1965ರಲ್ಲಿ ಉದ್ಘಾಟಿಸಿದರು. ಬಿಟಿಎಂ, ಜಯನಗರದವರು ದಿನವೂ ಟ್ರಾಫಿಕ್ಕಿನಲ್ಲಿ ಸಿಕ್ಕಿ ಶಪಿಸುವ 'ಡೇರಿ ಸರ್ಕಲ್' ಅದರ ಹೆಸರಿನದು. 1974ರಲ್ಲಿ ಹೈನು ಅಭಿವೃದ್ಧಿ ನಿಗಮ, 1983ರ ಹೊತ್ತಿಗೆ ನಂದಿನಿ ಎಂಬ ಹೆಸರು, 1984ರಲ್ಲಿ ಕೆಎಂಎಫ್. ತಂಬಿಗೆಯ ಜಾಗಕ್ಕೆ ಪ್ಯಾಕೆಟ್ ಬಂತು.

ಬಣ್ಣದ ಲೆಕ್ಕ

ಪ್ಯಾಕೆಟ್ಟಿನ ಜೊತೆಗೆ ಹೊಸ ಶಬ್ದಗಳೂ ಬಂದವು. ಹಳ್ಳಿಯ ಹಾಲಿನ ಸೊಸೈಟಿಯಲ್ಲಿ ಕಿವಿಗೊಟ್ಟರೆ 'ಇವತ್ತು ಡಿಗ್ರಿ ಬರ್ಲಿಲ್ಲ', 'ಫ್ಯಾಟು ಕಮ್ಮಿ ಹೊಡೀತು' ಎಂಬ ಮಾತು ಕೇಳುತ್ತದೆ. ಡಿಗ್ರಿ ಎಂದರೆ ಲ್ಯಾಕ್ಟೊಮೀಟರ್ ಓದು. ಫ್ಯಾಟು ಎಂದರೆ ಕೊಬ್ಬು. ಎಸ್‌ಎನ್‌ಎಫ್ ಎಂದರೆ ಕೊಬ್ಬು ಮತ್ತು ನೀರನ್ನು ಬಿಟ್ಟು ಉಳಿದ ಗಟ್ಟಿ ಅಂಶ: ಪ್ರೋಟೀನು, ಹಾಲಿನ ಸಕ್ಕರೆ, ಸುಣ್ಣದಂಥ ಖನಿಜಗಳು. ರೈತನ ಕೈಗೆ ಬರುವ ಹಣವನ್ನು ಫ್ಯಾಟು, ಎಸ್‌ಎನ್‌ಎಫ್ ಎಂಬ ಎರಡು ಅಂಕಿಗಳೇ ತೀರ್ಮಾನಿಸುತ್ತವೆ. ನಮ್ಮ ಲೋಟಕ್ಕೆ ಬರುವ ಹಾಲನ್ನೂ ಅಷ್ಟೆ.

ಡೇರಿಗೆ ಬಂದ ಹಾಲನ್ನು ಮೊದಲು ಕೆನೆ ಬೇರೆ, ತಿಳಿ ಬೇರೆ ಮಾಡುತ್ತಾರೆ. ಗಿರ್ರನೆ ತಿರುಗಿ ಕೆನೆಯನ್ನು ಬೇರ್ಪಡಿಸುವ ಯಂತ್ರವನ್ನು ಸ್ವೀಡನ್ನಿನ ಗುಸ್ತಾಫ್ ಡಿ ಲಾವಾಲ್ 1878ರಲ್ಲಿ ರೂಪಿಸಿದ. ಇವತ್ತಿನ ಯಂತ್ರಗಳು ಅದರ ಮೊಮ್ಮಕ್ಕಳು. ಆಮೇಲೆ ಯಾವ ಹಾಲಿಗೆ ಎಷ್ಟು ಕೊಬ್ಬು ಬೇಕೋ ಅಷ್ಟನ್ನು ಮರಳಿ ಸೇರಿಸುತ್ತಾರೆ. ದೇಶದ ಆಹಾರ ಸುರಕ್ಷತಾ ನಿಯಮದ ಪ್ರಕಾರ ಫುಲ್ ಕ್ರೀಂ, ಅಂದರೆ ಕೆನೆಭರಿತ ಹಾಲಿನಲ್ಲಿ ಕೊಬ್ಬು ಶೇ 6 ಇರಬೇಕು. ಸ್ಟ್ಯಾಂಡರ್ಡೈಸ್ಡ್ ಹಾಲಿನಲ್ಲಿ ಶೇ 4.5, ಟೋನ್ಡ್‌ನಲ್ಲಿ ಶೇ 3, ಡಬಲ್ ಟೋನ್ಡ್‌ನಲ್ಲಿ ಶೇ 1.5. ನಮ್ಮ ನೀಲಿ ಪ್ಯಾಕೆಟ್ ಟೋನ್ಡ್. ಹಸಿರು, ಹೋಮೋಜಿನೈಸ್ಡ್ ಹಸುವಿನ ಹಾಲು, ಕೊಬ್ಬು ಶೇ 3.5. ಕಿತ್ತಳೆ ಅದಕ್ಕಿಂತ ಗಟ್ಟಿ. ಬಣ್ಣ ಮರೆತರೂ ಚಿಂತೆಯಿಲ್ಲ, ಸಣ್ಣಕ್ಷರದಲ್ಲಿ ಮುದ್ರಿಸಿರುವ ಕೊಬ್ಬಿನ ಅಂಕಿಯನ್ನೊಮ್ಮೆ ಓದಿದರೆ ಸಾಕು. ಅಂದಹಾಗೆ, ಅಮೆರಿಕದವರು 'ಹೋಲ್ ಮಿಲ್ಕ್' ಎಂದು ಕುಡಿಯುವ ಹಾಲಿನ ಕೊಬ್ಬು ಶೇ 3.25. ಅಲ್ಲಿಂದ ಬಂದ ಮೊಮ್ಮಕ್ಕಳಿಗೆ ನಮ್ಮ ಹಸಿರು ಪ್ಯಾಕೆಟ್ಟೇ ಗಟ್ಟಿ ಹಾಲು!

ಟೋನ್ಡ್ ಹಾಲು ಎಂದರೆ ನೀರು ಬೆರೆಸಿದ ಹಾಲು ಎಂಬ ಅನುಮಾನ ಇನ್ನೂ ಪೂರ್ತಿ ಹೋಗಿಲ್ಲ. ಅದರ ಹುಟ್ಟಿನ ಕತೆ ಬೇರೆ. 1940ರ ದಶಕದ ಮುಂಬಯಿಯಲ್ಲಿ ಎಮ್ಮೆ ಹಾಲು ದುಬಾರಿ, ಬಡವರ ಕೈಗೆ ಎಟುಕುತ್ತಿರಲಿಲ್ಲ. ಅಲ್ಲಿನ ಹಾಲು ಯೋಜನೆಯ ಹೊಣೆ ಹೊತ್ತಿದ್ದ ದಾರಾ ಖುರೋಡಿ, ಎಮ್ಮೆ ಹಾಲಿಗೆ ಕೆನೆ ತೆಗೆದ ಹಾಲಿನ ಪುಡಿಯನ್ನೂ ನೀರನ್ನೂ ಬೆರೆಸಿ, ಕೊಬ್ಬು ಇಳಿದರೂ ಪ್ರೋಟೀನು ಮತ್ತು ಸುಣ್ಣ ಇಳಿಯದ ಅಗ್ಗದ ಹಾಲು ಮಾಡಿದರು. ಒಂದು ಎಮ್ಮೆಯ ಕೆನೆ ಎರಡು ಮನೆಗೆ ಹಂಚಿಕೆಯಾದ ಹಾಗಾಯಿತು. 1963ರ ಮ್ಯಾಗ್ಸೆಸೆ ಪ್ರಶಸ್ತಿಯನ್ನು ಅಮುಲ್‌ನ ಕುರಿಯನ್ ಮತ್ತು ತ್ರಿಭುವನದಾಸ್ ಪಟೇಲರ ಜೊತೆ ಹಂಚಿಕೊಂಡವರು ಇದೇ ಖುರೋಡಿ. ನಮ್ಮ ನೀಲಿ ಪ್ಯಾಕೆಟ್ಟಿನ ಹಿಂದೆ ಇರುವುದು ಈ ಹಂಚಿಕೆಯ ಲೆಕ್ಕ.

ಲೋಟದೊಳಗೆ ಏನಿದೆ?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹಳೆಯ ಕೋಷ್ಟಕ ಹೀಗೆ ಹೇಳುತ್ತದೆ: 100 ಗ್ರಾಂ ಹಸುವಿನ ಹಾಲಿನಲ್ಲಿ 67 ಕ್ಯಾಲೊರಿ, 3.2 ಗ್ರಾಂ ಪ್ರೋಟೀನು, 4.1 ಗ್ರಾಂ ಕೊಬ್ಬು, 120 ಮಿಲಿಗ್ರಾಂ ಕ್ಯಾಲ್ಸಿಯಂ. ಎಮ್ಮೆಯ ಹಾಲಾದರೆ 117 ಕ್ಯಾಲೊರಿ, 4.3 ಗ್ರಾಂ ಪ್ರೋಟೀನು, 6.5 ಗ್ರಾಂ ಕೊಬ್ಬು, 210 ಮಿಲಿಗ್ರಾಂ ಕ್ಯಾಲ್ಸಿಯಂ. ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂಬುದು ಅದೇ ಸಂಸ್ಥೆಯ 2020ರ ಶಿಫಾರಸು. ದಿನಕ್ಕೆ 300 ಮಿಲಿಲೀಟರ್ ಹಾಲು ಅಥವಾ ಮೊಸರು ಸೇವಿಸಿ ಎಂಬುದು ಅದರ 2024ರ ಮಾರ್ಗಸೂಚಿಯ ಸಲಹೆ. ಅಂದರೆ ಎರಡು ಸಣ್ಣ ಲೋಟ. ಸುಣ್ಣದ ಮೂರನೇ ಒಂದು ಪಾಲು ಅಲ್ಲೇ ಸಿಕ್ಕಿತು. ಉಳಿದದ್ದಕ್ಕೆ ನಮ್ಮ ಕಡೆ ಮುದ್ದೆ ಇದೆ: 100 ಗ್ರಾಂ ರಾಗಿಯಲ್ಲಿ 344 ಮಿಲಿಗ್ರಾಂ ಕ್ಯಾಲ್ಸಿಯಂ.

ಹಾಲಿನ ಪ್ರೋಟೀನಿಗೆ ಇನ್ನೊಂದು ಗುಣವಿದೆ. ಅಕ್ಕಿ, ರಾಗಿಯಂಥ ಧಾನ್ಯಗಳಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ, ಹಾಲಿನಲ್ಲಿ ಧಾರಾಳ. ಹಾಗಾಗಿ ಮೊಸರನ್ನ, ರಾಗಿ ಅಂಬಲಿಗೆ ಮಜ್ಜಿಗೆ, ಹಾಲು-ಅನ್ನ ಎಲ್ಲವೂ ಒಂದರ ಕೊರತೆಯನ್ನು ಇನ್ನೊಂದು ತುಂಬುವ ಜೋಡಿಗಳು. ಊಟದ ಕೊನೆಗೆ ಮಜ್ಜಿಗೆ ಬಿಡದಿದ್ದರೆ ಊಟ ಮುಗಿದಂತೆನಿಸದ ನಮ್ಮ ನಾಲಿಗೆ ಸುಮ್ಮನೆ ಹಟ ಹಿಡಿದಿಲ್ಲ.

ಬಿ12 ಜೀವಸತ್ವದ ಮಾತು ಬಂದರೆ ಸಸ್ಯಾಹಾರಿ ಮನೆಗಳಿಗೆ ಹಾಲು ಮೊಸರೇ ಮುಖ್ಯ ಆಸರೆ. ಸೊಪ್ಪು, ಕಾಳು, ತರಕಾರಿ ಎಷ್ಟು ತಿಂದರೂ ಅದು ಸಿಗುವುದಿಲ್ಲ. ಕೈಕಾಲು ಜೋಮು, ಮರೆವು, ಸುಸ್ತು ಎಂದು ಪರೀಕ್ಷೆಗೆ ಹೋದ ಎಷ್ಟೋ ಮಂದಿಗೆ ಕೊನೆಗೆ ಸಿಗುವ ಉತ್ತರ 'ಬಿ12 ಕಡಿಮೆ'. ಇನ್ನು ಬಿ2, ಅಂದರೆ ರೈಬೊಫ್ಲೇವಿನ್, ಇದನ್ನು ಕಣ್ಣಾರೆ ನೋಡಬಹುದು. ಹಾಲೊಡೆದಾಗ ಮೇಲೆ ನಿಲ್ಲುವ ನೀರು ತಿಳಿ ಹಸಿರುಮಿಶ್ರಿತ ಹಳದಿಯಲ್ಲವೇ? ಆ ಬಣ್ಣ ಅದರದು. ಬಿಸಿಲಿಗೆ ಅದು ಬೇಗ ಹಾಳಾಗುತ್ತದೆ. ಹಾಲನ್ನು ಬೆಳಕಿನಲ್ಲಿ ತೆರೆದಿಡಬಾರದೆಂಬುದು ಅದಕ್ಕೇ.

ಹಾಗಾದರೆ ಕೆನೆ ತೆಗೆದಾಗ ಹೋಗುವುದೇನು? ಪ್ರೋಟೀನು, ಸುಣ್ಣ, ಬಿ12 ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತವೆ. ಹೋಗುವುದು ಶಕ್ತಿ, ಮತ್ತು ಕೊಬ್ಬಿನಲ್ಲಿ ಕರಗಿರುವ ಎ ಜೀವಸತ್ವ. 100 ಮಿಲಿ ಕೆನೆಭರಿತ ಹಾಲಿನಿಂದ ಸುಮಾರು 87 ಕ್ಯಾಲೊರಿ ಬಂದರೆ ಟೋನ್ಡ್‌ನಿಂದ ಬರುವುದು 58ರಷ್ಟು. ಎ ಮತ್ತು ಡಿ ಜೀವಸತ್ವಗಳನ್ನು ಹೊರಗಿನಿಂದ ಬೆರೆಸಿದ ಹಾಲಿನ ಪ್ಯಾಕೆಟ್ಟಿನ ಮೇಲೆ '+ಎಫ್' ಎಂಬ ಗುರುತು ಇರುತ್ತದೆ.

ಹಾಲಿನಲ್ಲಿ ಇಲ್ಲದ್ದೂ ಇದೆ. ಕಬ್ಬಿಣಾಂಶ ತೀರಾ ಕಡಿಮೆ, ಸಿ ಜೀವಸತ್ವ ಲೆಕ್ಕಕ್ಕಿಲ್ಲ, ನಾರು ಶೂನ್ಯ. 'ನಮ್ಮ ಮಗು ಊಟ ಮುಟ್ಟಲ್ಲ, ಹಾಲು ಮಾತ್ರ ಚೆನ್ನಾಗಿ ಕುಡಿಯುತ್ತೆ' ಎಂದು ಹೆಮ್ಮೆಪಡುವ ತಾಯಂದಿರಿಗೆ ಮಕ್ಕಳ ವೈದ್ಯರು ಎಚ್ಚರಿಕೆ ಹೇಳುವುದು ಈ ಕಾರಣಕ್ಕೆ. ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಲು ಕುಡಿದು ಹೊಟ್ಟೆ ತುಂಬಿಸಿಕೊಂಡ ಪುಟ್ಟ ಮಗುವಿಗೆ ರಕ್ತಹೀನತೆ ಕಾಡಬಹುದು. ಬಸುರಿಯರು ಕಬ್ಬಿಣದ ಮಾತ್ರೆಯನ್ನು ಹಾಲಿನ ಜೊತೆ ನುಂಗಬಾರದು; ಹಾಲಿನ ಸುಣ್ಣ ಕಬ್ಬಿಣಕ್ಕೆ ಅಡ್ಡಗಾಲು ಹಾಕುತ್ತದೆ. ಆರು ತಿಂಗಳವರೆಗೆ ಕೂಸಿಗೆ ತಾಯಿಹಾಲು ಮಾತ್ರ. ವರ್ಷ ತುಂಬುವ ಮೊದಲು ಹಸುವಿನ ಹಾಲನ್ನೇ ಮುಖ್ಯ ಆಹಾರ ಮಾಡುವಂತಿಲ್ಲ. ವರ್ಷ ದಾಟಿದ ಮೇಲೆ ಎರಡು ವರ್ಷದವರೆಗೆ, ಮಿದುಳು ಮೈ ಎರಡೂ ದಾಪುಗಾಲಲ್ಲಿ ಬೆಳೆಯುವ ಆ ಹೊತ್ತಿಗೆ, ಕೆನೆ ತೆಗೆಯದ ಹಾಲೇ ಸರಿ.

ಉಕ್ಕುವ ಗಳಿಗೆ

ಸ್ಟವ್ ಮುಂದೆ ನಿಂತು ಹಾಲು ಕಾಯಿಸುವುದು ಮನೆಯಲ್ಲಿ ತಾಳ್ಮೆ ಕಲಿಸುವ ಮೊದಲ ಶಾಲೆ. ನೋಡುತ್ತಿದ್ದಷ್ಟು ಹೊತ್ತು ಸುಮ್ಮನಿರುತ್ತದೆ. ಕರೆಗಂಟೆ ಬಾರಿಸಿತೆಂದು ತಿರುಗಿದಿರೋ, ಬುಸ್ಸೆಂದು ಒಲೆಯ ಮೇಲೆ. ನೀರು ಕುದಿಯುತ್ತದೆ, ಉಕ್ಕುವುದಿಲ್ಲ. ಹಾಲು ಮಾತ್ರ ಯಾಕೆ?

ಹಾಲಿನ ಬಿಸಿ 70 ಡಿಗ್ರಿ ದಾಟಿದಂತೆ ಅದರಲ್ಲಿನ ಕೆಲವು ಪ್ರೋಟೀನುಗಳು ಸುರುಳಿ ಬಿಚ್ಚಿಕೊಂಡು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಮೇಲ್ಮೈಯಲ್ಲಿ ನೀರು ಆವಿಯಾಗುತ್ತ ಹೋದಂತೆ ಈ ಹೆಣಿಗೆ, ಕೊಬ್ಬಿನ ಕಣಗಳನ್ನೂ ಸೇರಿಸಿಕೊಂಡು ತೆಳ್ಳನೆಯ ಹೊದಿಕೆಯಾಗುತ್ತದೆ. ಅದೇ ನಾವು ಕೆನೆ ಎನ್ನುವ ಪದರ. ತಳದಿಂದ ಏಳುವ ಹಬೆಗೆ ಹೊದಿಕೆಯಡಿ ದಾರಿಯಿಲ್ಲ. ಗುಳ್ಳೆಗಳು ಒಡೆಯಲೂ ಪ್ರೋಟೀನು ಬಿಡುವುದಿಲ್ಲ. ಒತ್ತಡ ಹೆಚ್ಚಿ, ಹೊದಿಕೆಯನ್ನು ಹೊತ್ತುಕೊಂಡೇ ನೊರೆ ಮೇಲೇಳುತ್ತದೆ. ಪಾತ್ರೆಯಲ್ಲೊಂದು ಸೌಟು ನಿಲ್ಲಿಸಿದರೆ ಹೊದಿಕೆಗೆ ತೂತಾಗಿ ಹಬೆಗೆ ಕಿಂಡಿ ಸಿಕ್ಕ ಹಾಗೆ. ಗೃಹಪ್ರವೇಶದ ದಿನ ಮಾತ್ರ ಇದೇ ಉಕ್ಕು ಶುಭ. ಪೂರ್ವಕ್ಕೆ ಚೆಲ್ಲಲಿ ಎಂದು ಪಾತ್ರೆಯನ್ನು ಕೊಂಚ ವಾಲಿಸುವ ಹಿರಿಯರೂ ಉಂಟು.

'ಹಸಿರು ಪ್ಯಾಕೆಟ್ಟಲ್ಲಿ ಕೆನೆನೇ ಬರಲ್ಲ, ಏನೋ ಬೆರೆಸ್ತಾರೆ' ಎಂಬ ದೂರು ಜರಗನಹಳ್ಳಿಯಲ್ಲೂ ಉಂಟು, ಜಯನಗರದಲ್ಲೂ ಉಂಟು. ಬೆರೆಸುವುದೇನೂ ಇಲ್ಲ. ಹೋಮೋಜಿನೈಸ್ ಮಾಡುವುದೆಂದರೆ ಹೆಚ್ಚು ಒತ್ತಡದಲ್ಲಿ ಹಾಲನ್ನು ಸಣ್ಣ ಸಂದಿಯಲ್ಲಿ ನುಗ್ಗಿಸಿ ಕೊಬ್ಬಿನ ಹನಿಗಳನ್ನು ನುಚ್ಚುನೂರು ಮಾಡುವುದು. ಅಷ್ಟು ಸಣ್ಣದಾದ ಹನಿಗಳು ಮೇಲೆ ತೇಲಿಬರಲಾರವು, ಹಾಲಿನೊಳಗೇ ಹಂಚಿಹೋಗುತ್ತವೆ. ಕೆನೆ ಇದೆ, ಕಾಣಿಸುವುದಿಲ್ಲ. ಕಾಫಿಗೆ ಈ ಹಾಲು ಒಳ್ಳೆಯದು, ಬೆಣ್ಣೆ ತೆಗೆಯುವವರಿಗೆ ನಿರಾಸೆ.

ಪ್ಯಾಕೆಟ್ ಹಾಲನ್ನು ಡೇರಿಯಲ್ಲೇ 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿ ತಣಿಸಿರುತ್ತಾರೆ. ತಂಪು ತಪ್ಪದೆ ಮನೆ ಸೇರಿದರೆ ಮತ್ತೆ ಕುದಿಸಲೇಬೇಕೆಂದಿಲ್ಲ. ಆದರೆ ಟೆಂಪೊ, ಬೂತು, ಬಾಗಿಲ ಚೀಲ ಎಂದು ಮೂರು ಕಡೆ ಕಾದು ಬಂದ ಹಾಲನ್ನು ಒಮ್ಮೆ ಉಕ್ಕು ಬರಿಸುವುದೇ ವಾಸಿ. ಹಸುವಿನ ಮನೆಯಿಂದ ನೇರ ತಂದ ಹಸಿಹಾಲಾದರೆ ಚರ್ಚೆಯೇ ಬೇಡ, ಕುದಿಸಲೇಬೇಕು; ಬ್ರುಸೆಲ್ಲೋಸಿಸ್, ಕ್ಷಯದಂಥ ರೋಗಗಳು ಹಸಿಹಾಲಿನ ದಾರಿಯಲ್ಲೂ ಬರುತ್ತವೆ. ನೀರು ಬೆರೆಸಿದ್ದಾರೋ ಎಂಬ ಅನುಮಾನವಿದ್ದರೆ ವಾಲಿದ ನುಣುಪು ತಟ್ಟೆಯ ಮೇಲೆ ಒಂದು ಹನಿ ಬಿಡಿ. ಗಟ್ಟಿ ಹಾಲು ಮೆಲ್ಲಗೆ ಇಳಿದು ಹಿಂದೆ ಬಿಳಿ ಗೆರೆ ಬಿಡುತ್ತದೆ. ನೀರು ಹಾಲು ಗುರುತು ಬಿಡದೆ ಜಾರಿಹೋಗುತ್ತದೆ.

ಹೆಪ್ಪು, ಬೆಣ್ಣೆ, ತುಪ್ಪ

ಹಾಲು ಕುಡಿದರೆ ಹೊಟ್ಟೆ ಗುಡುಗುಡು ಎನ್ನುವವರು ನಮ್ಮಲ್ಲಿ ಬಹಳ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಜೀರ್ಣಿಸುವ ಕಿಣ್ವ ಬಾಲ್ಯದ ನಂತರ ಅನೇಕರಲ್ಲಿ ಕಡಿಮೆಯಾಗುತ್ತದೆ. ಉತ್ತರ ಭಾರತಕ್ಕಿಂತ ದಕ್ಷಿಣದಲ್ಲಿ ಇದು ಹೆಚ್ಚು. ಅವರಿಗೆ ನಮ್ಮ ಹಿರಿಯರ ಮದ್ದು ಒಂದು ಚಮಚ ಹೆಪ್ಪು. ಉಗುರುಬೆಚ್ಚಗಿನ ಹಾಲಿನಲ್ಲಿ ಹೆಪ್ಪಿನ ಬ್ಯಾಕ್ಟೀರಿಯಾಗಳು ಆ ಸಕ್ಕರೆಯ ಒಂದು ಪಾಲನ್ನು ತಿಂದು ಆಮ್ಲವಾಗಿಸುತ್ತವೆ. ಉಳಿದದ್ದನ್ನು ಕರಗಿಸಲೂ ನೆರವಾಗುತ್ತವೆ. ಹಾಲು ಒಗ್ಗದ ಹೊಟ್ಟೆ ಮೊಸರನ್ನು ಒಪ್ಪುವುದು ಹೀಗೆ.

ಬೆಣ್ಣೆಯ ಕೆಲಸ ನಿಧಾನದ್ದು. ನಮ್ಮ ಮನೆಯ ಫ್ರಿಜ್ಜಿನ ಮೂಲೆಯಲ್ಲಿ ಕೆನೆಯ ಡಬ್ಬಿಗೆ ಕಾಯಂ ಜಾಗ. ಅಮ್ಮ ದಿನವೂ ಕಾಯಿಸಿ ಆರಿದ ಹಾಲಿನ ಮೇಲಿಂದ ಕೆನೆಯನ್ನು ಚಮಚದ ಅಂಚಿನಲ್ಲಿ ಸುತ್ತ ಬಿಡಿಸಿ, ಕಂಬಳಿ ಮಡಿಸುವ ಹಾಗೆ ಮಡಿಸಿ ಎತ್ತುತ್ತಾರೆ. ಎಂಟು-ಹತ್ತು ದಿನ ಕೂಡಿಟ್ಟು, ಹೆಪ್ಪು ಹಾಕಿ, ಮಾರನೆಯ ದಿನ ಕಡೆಯುವುದು. ಬೇಸಗೆಯಲ್ಲಿ ಎಷ್ಟು ಕಡೆದರೂ ಬೆಣ್ಣೆ ಕೂಡುವುದಿಲ್ಲ. ಎರಡು ಐಸ್ ತುಂಡು ಬಿದ್ದೊಡನೆ ಕಡೆಗೋಲಿನ ಸದ್ದು ಬದಲಾಗುತ್ತದೆ. ಬಿಸಿಯಲ್ಲಿ ಕೊಬ್ಬು ಎಣ್ಣೆಯಂತೆ ಜಾರುತ್ತದೆ, ತಂಪಿನಲ್ಲಿ ಗಟ್ಟಿಯಾಗಿ ಒಂದಕ್ಕೊಂದು ಅಂಟುತ್ತದೆ. 'ಸದ್ದು ಬಿತ್ತು' ಎಂದು ಅಮ್ಮ ಹೇಳಿದರೆ ಬೆಣ್ಣೆ ಬಂತೆಂದೇ ಅರ್ಥ. ಮೂರು ನೀರಿನಲ್ಲಿ ತೊಳೆದು ಸಣ್ಣ ಉರಿಯಲ್ಲಿ ಕಾಯಿಸಿ, ಚಟಪಟ ನಿಂತು ಘಮ ಬಂದಾಗ ಒಂದು ವೀಳ್ಯದೆಲೆ ಇಲ್ಲವೇ ನುಗ್ಗೆಸೊಪ್ಪಿನ ಕಡ್ಡಿ. ಎಲೆ ಗರಿಗರಿಯಾದರೆ ತುಪ್ಪ ಇಳಿಸಬಹುದು. ತಳದ ಕಂದು ಗಸಿಗೆ ಸಕ್ಕರೆ ಉದುರಿಸಿ ತಿನ್ನುವ ಹಕ್ಕು ಮಕ್ಕಳದು.

ಗಟ್ಟಿ ಹಾಲಿನ ಉಳಿದ ವೇಷಗಳಿಗೆ ಕೊನೆಯಿಲ್ಲ. ಅದನ್ನು ಬತ್ತಿಸಿ ಹುರಿದರೆ ಧಾರವಾಡದ ಪೇಡ, ಬೆಳಗಾವಿಯ ಕುಂದಾ. ಕರು ಹಾಕಿದ ಹೊಸತರಲ್ಲಿ ಬೆಲ್ಲ ಏಲಕ್ಕಿ ಹಾಕಿದ ಗಿಣ್ಣು. ರೋಗ ತಡೆಯುವ ಪ್ರೋಟೀನುಗಳಿಂದ ದಟ್ಟವಾದ ಹಾಲದು, ಕರುವಿನ ಪಾಲು ಬಿಟ್ಟು ಉಳಿದದ್ದಷ್ಟೇ ನಮ್ಮದು. ಪಾಯಸಕ್ಕೆ ಬೆಲ್ಲ ಹಾಕುವಾಗ ಹಾಲು ಒಡೆಯುವುದು ಬೆಲ್ಲದ ಹುಳಿಯಿಂದ; ಒಲೆಯಿಂದ ಇಳಿಸಿ ಕೊಂಚ ಆರಿದ ಮೇಲೆ ಬೆರೆಸಿದರೆ ಆ ತಾಪತ್ರಯವಿಲ್ಲ. ಒಡೆದೇ ಹೋದರೆ ಬಟ್ಟೆಯಲ್ಲಿ ಕಟ್ಟಿ ಪನೀರು ಮಾಡಿ, ಬಸಿದ ನೀರಿನಲ್ಲಿ ಚಪಾತಿ ಹಿಟ್ಟು ಕಲಸಿ. ಅರಿಶಿನ ಹಾಲಿಗೆ ಚಿಟಿಕೆ ಮೆಣಸು ಹಾಕುವ ಅಜ್ಜಿಯರ ರೂಢಿಗೂ ಅರ್ಥವಿದೆ: ಅರಿಶಿನದ ಕರ್ಕ್ಯುಮಿನ್ ಕೊಬ್ಬಿನಲ್ಲಿ ಕರಗುತ್ತದೆ, ಮೆಣಸು ಅದನ್ನು ಮೈಗೆ ಹತ್ತಿಸುತ್ತದೆ. ಖಾರ ತಿಂದು ಕಣ್ಣೀರಿಡುವ ಮಗುವಿಗೆ ನೀರಿಗಿಂತ ಒಂದು ಗುಟುಕು ಹಾಲು ಬೇಗ ಸಮಾಧಾನ ತರುತ್ತದೆ. ಆಟದ ಮೈದಾನದಲ್ಲಿ ಬಿದ್ದು ದೊಡ್ಡ ಹಲ್ಲು ಬೇರುಸಮೇತ ಉದುರಿದರೆ, ಬೇರು ಮುಟ್ಟದೆ ತಣ್ಣನೆಯ ಹಾಲಿನಲ್ಲಿಟ್ಟುಕೊಂಡು ತಕ್ಷಣ ದಂತವೈದ್ಯರ ಬಳಿ ಓಡಬೇಕು; ಅದನ್ನು ಮತ್ತೆ ಕೂರಿಸುವ ಅವಕಾಶ ಉಂಟು. ತಾರಸಿ ತೋಟದವರಿಗೂ ಒಂದು ಸುದ್ದಿ: ಕುಂಬಳ ಜಾತಿಯ ಬಳ್ಳಿಯ ಬೂದಿರೋಗಕ್ಕೆ ನೀರು ಬೆರೆಸಿದ ಹಾಲಿನ ಸಿಂಪಡಣೆ ಕೆಲಸ ಮಾಡುತ್ತದೆಂದು ಬ್ರೆಜಿಲ್‌ನ ವಿಜ್ಞಾನಿ ವಾಗ್ನರ್ ಬೆಟ್ಟಿಯಾಲ್ 1999ರಲ್ಲೇ ತೋರಿಸಿದ್ದರು.

18 ಗ್ರಾಂ ಪುಡಿ, ಒಂದು ಲೋಟ

ಕೆನೆಯನ್ನು ಹಂಚುವ ಕೆಲಸ ಅಡುಗೆಮನೆಯಿಂದ ಸರ್ಕಾರದ ಕೈಗೂ ಬಂದದ್ದು 2013ರ ಆಗಸ್ಟ್ 1ರಂದು. ಆ ದಿನ ಶುರುವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಬಿಸಿಹಾಲು ಬಂತು. ಮೊದಲು ವಾರಕ್ಕೆ 3 ದಿನ, ಆಮೇಲೆ 5 ದಿನ. ಒಂದು ಮಗುವಿಗೆ 18 ಗ್ರಾಂ ಕೆನೆಭರಿತ ಹಾಲಿನ ಪುಡಿ, ಅದರಿಂದ 150 ಮಿಲಿ ಹಾಲು. ಡೇರಿಗಳಿಗೆ ಹರಿದುಬರುತ್ತಿದ್ದ ಹೆಚ್ಚುವರಿ ಹಾಲಿಗೆ ಒಂದು ದಾರಿ, ಹಸಿದು ಶಾಲೆಗೆ ಬರುವ ಮಗುವಿಗೆ ಒಂದು ಲೋಟ.

ಈ 18 ಗ್ರಾಮಿನ ಲೆಕ್ಕ ಹಾಕಿ ನೋಡಿದೆ. ಅದರಲ್ಲಿ ಸುಮಾರು 4.7 ಗ್ರಾಂ ಕೊಬ್ಬು, ನಾಲ್ಕೂವರೆ ಗ್ರಾಂ ಪ್ರೋಟೀನು, 160 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ. 150 ಮಿಲಿಗೆ ಹಂಚಿದರೆ ಕೊಬ್ಬು ಶೇ 3ರ ಹತ್ತಿರ. ಹೆಸರು ಕೆನೆಭರಿತವಾದರೂ ಮಗು ಕುಡಿಯುವುದು ನಮ್ಮ ನೀಲಿ ಪ್ಯಾಕೆಟ್ಟಿನಷ್ಟೇ ಗಟ್ಟಿ ಹಾಲು. ಆದರೂ ಬರೀ ಕಪ್ಪು ಚಹಾ ಕುಡಿದು ಬಂದ ಮಗುವಿಗೆ ಅದು ದೊಡ್ಡದೇ. 2024ರಿಂದ ವಾರಕ್ಕೆ 3 ದಿನ ಇದೇ ಹಾಲಿಗೆ ರಾಗಿ ಮಾಲ್ಟ್ ಸೇರಿತು. ಹಾಲಿನಲ್ಲಿ ಕಡಿಮೆಯಿರುವ ಕಬ್ಬಿಣ, ನಾರು ರಾಗಿಯಿಂದ. ರಾಗಿಯಲ್ಲಿ ಕಡಿಮೆಯಿರುವ ಲೈಸಿನ್ ಹಾಲಿನಿಂದ. ಹಳೇ ಮೈಸೂರಿನ ಅಜ್ಜಿಯರ ರಾಗಿ ಗಂಜಿ ಸರ್ಕಾರಿ ಆದೇಶವಾಗಿ ಮರಳಿ ಬಂದ ಹಾಗಾಯಿತು.

ಕೊನೆಯ ಲೋಟ

ಹಾಗೆಂದು ಗಟ್ಟಿ ಹಾಲು ಎಲ್ಲರಿಗೂ ಎಷ್ಟಾದರೂ ಸರಿಯೇ? ಹಾಲಿನ ಕೊಬ್ಬಿನಲ್ಲಿ ಮೂರನೇ ಎರಡು ಪಾಲಿನಷ್ಟು ಸ್ಯಾಚುರೇಟೆಡ್, ಅಂದರೆ ಕೆಟ್ಟ ಕೊಲೆಸ್ಟರಾಲ್ ಏರಿಸುವ ಬಗೆಯದು. ಅದರಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ ಶೇ 10 ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2000 ಕ್ಯಾಲೊರಿಯ ಊಟದವರಿಗೆ ಅದು ಸುಮಾರು 22 ಗ್ರಾಂ. ಶೇ 6ರ ಹಾಲನ್ನು 250 ಮಿಲಿಯಂತೆ ಎರಡು ಲೋಟ ಕುಡಿದರೆ ಅಲ್ಲಿಗೆ 20 ಗ್ರಾಂ ಆಯಿತು. ಮಧ್ಯಾಹ್ನದ ತುಪ್ಪಕ್ಕೆ, ಸಂಜೆಯ ಬೆಣ್ಣೆ ಮುರುಕ್ಕಿಗೆ ಜಾಗವೇ ಇಲ್ಲ. ಕುರ್ಚಿ ಬಿಟ್ಟೇಳದ ಕೆಲಸ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರಿಗೆ ನೀಲಿಯೋ ಅದಕ್ಕಿಂತ ತೆಳುವೋ ಆದ ಹಾಲು ಸಾಕು. ಸುಣ್ಣ, ಪ್ರೋಟೀನು ಅವರಿಗೆ ತಪ್ಪುವುದಿಲ್ಲ. ಬೆಳೆಯುವ ಮಗು, ಊಟ ಸೇರದೆ ಸೊರಗಿದ ವೃದ್ಧರು, ಕಾಯಿಲೆಯಿಂದ ಎದ್ದವರು, ಬಿಸಿಲಲ್ಲಿ ದುಡಿಯುವವರು, ಮಗುವಿಗೆ ಹಾಲೂಡುವ ತಾಯಿ: ಕೆನೆ ಇವರ ಪಾಲು.

ಈಗ ನಮ್ಮ ಮನೆಗಳನ್ನು ನೋಡಿ. ಗಟ್ಟಿ ಹಾಲಿನ ಮೊದಲ ಲೋಟ ಮಗುವಿಗೆ, ಅದು ನ್ಯಾಯವೇ. ಮೊದಲ ಡಿಕಾಕ್ಷನ್ನಿನ ನೊರೆಕಾಫಿ, ವೈದ್ಯರು ಬೇಡವೆಂದರೂ, ಮನೆಯ ಯಜಮಾನನಿಗೆ. ಕಡೆಗೆ ಪ್ಯಾಕೆಟ್ಟಿಗೆ ಒಂದು ಸೌಟು ನೀರು ಹಾಕಿ ಕುಲುಕಿ, ಒಳಗಂಟಿದ ಹಾಲನ್ನೆಲ್ಲ ತೊಳೆದು ಪಾತ್ರೆಗೆ ಬಿಟ್ಟು, ಎರಡನೇ ಡಿಕಾಕ್ಷನ್ ಜೊತೆ ಬೆರೆಸಿ ಕುಡಿಯುವವಳು ಅದನ್ನೆಲ್ಲ ಹಂಚಿದವಳು. ಮುಟ್ಟು ನಿಂತ ಮೇಲೆ ಮೂಳೆಯ ಸುಣ್ಣ ವೇಗವಾಗಿ ಕರಗುವುದು ಹೆಂಗಸರಲ್ಲಿ. ಬಿದ್ದರೆ ಸೊಂಟದ ಮೂಳೆ ಮುರಿಯುವ ಭಯ ಹೆಚ್ಚಿರುವುದೂ ಅವರಿಗೇ. 'ನಂಗೇನಪ್ಪ, ಯಾವ ಹಾಲಾದ್ರೇನು' ಎಂಬ ಮಾತು ಆ ಅಜ್ಜಿಯೊಬ್ಬರದೇ ಅಲ್ಲ. ನಮ್ಮ ಅಮ್ಮನೂ ನಲವತ್ತು ವರ್ಷ ಅದನ್ನೇ ಹೇಳಿದ್ದಾರೆ.

ಒಂದು ವರ್ಷದಿಂದ ಮನೆಯಲ್ಲಿ ಬೆಳಗಿನ ಕಾಫಿ ನನ್ನ ಕೆಲಸ. ಮೊದಲ ಡಿಕಾಕ್ಷನ್, ಮೊದಲ ಸೌಟಿನ ಹಾಲು, ಮೊದಲ ಲೋಟ ಅಮ್ಮನಿಗೆ. 'ಇಷ್ಟು ಗಟ್ಟಿ ಯಾಕೆ ಹಾಕ್ದೆ, ದಂಡ' ಎಂದು ದಿನವೂ ಗೊಣಗುತ್ತಾರೆ. ಲೋಟ ಮಾತ್ರ ದಿನವೂ ಖಾಲಿಯಾಗಿಯೇ ಬರುತ್ತದೆ. ಪ್ಯಾಕೆಟ್ ತೊಳೆದ ನೀರಿನ ಕಾಫಿ ಈಗ ನನ್ನದು. ಅಷ್ಟೇನೂ ಕೆಟ್ಟದಾಗಿರುವುದಿಲ್ಲ ಎಂದು ಬರೆಯಬೇಕೆಂದಿದ್ದೆ. ಕೆಟ್ಟದಾಗಿಯೇ ಇರುತ್ತದೆ.